ಮೋಡಲ್ ಜಾಝ್ ಗಿಟಾರ್: ಮೊದಲು ಕಾಂಪಿಂಗಾ, ಸೋಲೋನಾ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಗಿಟಾರ್ ಹಿಡಿದವರು ಹೆಚ್ಚಾಗಿ ಎರಡು ದಾರಿಯಿಂದ ಬಂದಿರುತ್ತಾರೆ. ಒಂದು, ಮದುವೆ ಮತ್ತು ಗಣೇಶೋತ್ಸವದ ಆರ್ಕೆಸ್ಟ್ರಾ. ಇನ್ನೊಂದು, ಚರ್ಚಿನ ಕ್ವಾಯರ್. ಎರಡೂ ಕಡೆ ಕೆಲಸ ಒಂದೇ. ಹಾಡಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಬೇಕು, ಸ್ಟ್ರಮ್ ಮಾಡಬೇಕು, ನಡುವೆ ಜಾಗ ಸಿಕ್ಕರೆ ಒಂದು ಲೀಡ್ ನುಡಿಸಬೇಕು. ಇಂಥವರಿಗೆ ಮೋಡಲ್ ಜಾಝ್ ಕಲಿಯುವ ಆಸೆ ಬಂದರೆ ಮೊದಲ ದಿನವೇ ಆಯ್ಕೆಗಳು ಎದುರಾಗುತ್ತವೆ. ಕಾಂಪಿಂಗ್ (ಬೇರೆಯವರ ಹಿಂದೆ ಕಾರ್ಡ್ ಹಾಕುವುದು) ಮೊದಲಾ, ಸೋಲೋ (ಮುಂದೆ ನಿಂತು ಮನೋಧರ್ಮದಿಂದ ನುಡಿಸುವುದು) ಮೊದಲಾ? ಯಾವ ಟ್ಯೂನ್? ಯಾವ ಕಾರ್ಡ್ ಶೇಪ್? ಅಭ್ಯಾಸಕ್ಕೆ ಜೊತೆ ಯಾರು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಕಾಂಪಿಂಗ್‌ನಿಂದ ಶುರು ಮಾಡಬೇಕು. ಸೋಲೋಗೆ ಬೇಕಾದ ಕಿವಿ ನಮಗೆ ಅರ್ಧ ಆಗಲೇ ಸಿಕ್ಕಿದೆ. ಕಾರ್ಡುಗಳ ನಡೆ ಮತ್ತು 32 ಬಾರ್‌ಗಳ ಲೆಕ್ಕ (ಒಂದು ಬಾರ್ ಅಂದ್ರೆ ನಾಲ್ಕು ಎಣಿಕೆ) ಮಾತ್ರ ಹೊಸದು.

ಮೋಡಲ್ ಅಂದ್ರೆ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ಅದಕ್ಕಿಂತ ಮುಂಚಿನ ಬೀಬಾಪ್ ಜಾಝ್‌ನಲ್ಲಿ ಕಾರ್ಡುಗಳು ಬೇಗ ಬೇಗ ಬದಲಾಗುತ್ತವೆ, ಕೆಲವೊಮ್ಮೆ ಒಂದೇ ಬಾರ್‌ನಲ್ಲಿ ಎರಡು. ಮೋಡಲ್‌ನಲ್ಲಿ ಒಂದೇ ಸ್ಕೇಲಿನ ಮೇಲೆ ಎಂಟು, ಹದಿನಾರು ಬಾರ್ ನಿಲ್ಲುತ್ತೀರಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಮಾಡಿದ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಈ ಬಗೆಯ ಸಂಗೀತವನ್ನು ಎಲ್ಲರ ಕಿವಿಗೆ ಮುಟ್ಟಿಸಿತು. ಅದರ ಮೊದಲ ಟ್ಯೂನ್ 'ಸೋ ವಾಟ್'. ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ ಸ್ಯಾಕ್ಸೋಫೋನ್, ಬಿಲ್ ಇವಾನ್ಸ್ ಪಿಯಾನೋ, ಪಾಲ್ ಚೇಂಬರ್ಸ್ ಬಾಸ್, ಜಿಮ್ಮಿ ಕಾಬ್ ಡ್ರಮ್ಸ್. ಗಿಟಾರ್ ಇಲ್ಲವೇ ಇಲ್ಲ. ಹಾಗಾಗಿ ಗಿಟಾರ್ ನುಡಿಸುವವರು ಕಾಂಪಿಂಗನ್ನು ಪಿಯಾನೋದಿಂದ ಕದಿಯಬೇಕು. ಆ ಮಾತಿಗೆ ಮುಂದೆ ಬರುತ್ತೇನೆ.

ಕಾಂಪಿಂಗ್ ಮೊದಲಾ, ಸೋಲೋ ಮೊದಲಾ

ಸೋಲೋದಿಂದ ಶುರು ಮಾಡಿದರೆ ಒಂದು ಲಾಭ ಇದೆ. ಇವತ್ತೇ ನುಡಿಸಬಹುದು. ಫೋನಿನಲ್ಲಿ ಡಿ ಮೈನರ್ ಹಾಕಿಕೊಂಡು ಕೀಬೋರ್ಡಿನ ಬಿಳಿ ಮನೆಗಳ ಸ್ವರಗಳನ್ನು ಡಿಯಿಂದ ಡಿವರೆಗೆ ನುಡಿಸಿ, ಡೋರಿಯನ್ ಅನ್ನುವ ಸ್ಕೇಲ್ ಸಿಕ್ಕಿತು. ಬಳ್ಳಾರಿಯಲ್ಲಿ ಕರ್ನಾಟಕ ಸಂಗೀತ ಕಲಿತವರು ಇದನ್ನು ಖರಹರಪ್ರಿಯ ಅಂತಾರೆ. ಕೊಪ್ಪಳದಲ್ಲಿ ಹಿಂದೂಸ್ತಾನಿ ಕಲಿತವರು ಕಾಫಿ ಥಾಟ್ ಅಂತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಕ್ಕದಲ್ಲೇ ಇದೆ, ಅಲ್ಲಿ ಕಲಿತವರ ಹಾರ್ಮೋನಿಯಂ ಜಾತ್ರೆ, ಪುರಾಣಗಳಲ್ಲಿ ಕೇಳುತ್ತಲೇ ಇರುತ್ತದೆ. ರಾಯಚೂರು ಜಿಲ್ಲೆಯಂತೂ ದಾಸರ ನೆಲ. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಕೇಳಿ ಬೆಳೆದ ಹುಡುಗನಿಗೆ ಕೋಮಲ ಗಾಂಧಾರ, ಶುದ್ಧ ಧೈವತ ಯಾವುದು ಅಂತ ಕಿವಿಗೆ ಹೇಳಿಕೊಡಬೇಕಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಬಾಯಿಗೆ ಬರುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. 'ಸೋ ವಾಟ್' 32 ಬಾರ್. ಮೊದಲ 16 ಡಿ ಡೋರಿಯನ್, ಆಮೇಲೆ 8 ಇ ಫ್ಲಾಟ್ ಡೋರಿಯನ್, ಕೊನೆಗೆ 8 ಮತ್ತೆ ಡಿ. ಅಂದ್ರೆ ನಡುವೆ ಷಡ್ಜವೇ ಅರ್ಧ ಸ್ವರ ಮೇಲೆ ಹೋಗುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿ ಇದನ್ನು ಒಪ್ಪುವುದಿಲ್ಲ. ಸೋಲೋದಿಂದ ಶುರು ಮಾಡಿದವರು ಡಿ ಮೇಲೆ ಚೆಂದದ ಆಲಾಪ ಮಾಡುತ್ತಾರೆ, ಹದಿನೇಳನೇ ಬಾರ್ ಯಾವಾಗ ಬಂತು ಅಂತ ಗೊತ್ತಾಗುವುದೇ ಇಲ್ಲ. ಕಾಂಪಿಂಗ್ ಮಾಡಿದವರ ಕೈಗೆ ಆ ಜಾಗ ಗೊತ್ತಿರುತ್ತದೆ. ಅವರು ಅಲ್ಲಿ ಕೈ ಸರಿಸಲೇಬೇಕು.

ಇನ್ನೊಂದು ಕಾರಣ ಇದೆ. ಐದು ಜನ ಸೇರಿ ನುಡಿಸುವಾಗ ಗಿಟಾರಿಗೆ ಸೋಲೋ ಸಿಗುವುದು ಒಂದು ಪಾಲು. ಉಳಿದ ಹೊತ್ತೆಲ್ಲ ಬೇರೆಯವರ ಹಿಂದೆ ಕಾರ್ಡ್ ಹಾಕಬೇಕು. ಒಳ್ಳೆ ಕಾಂಪಿಂಗ್ ಮಾಡುವವರನ್ನು ಎಲ್ಲರೂ ಕರೆಯುತ್ತಾರೆ.

ಇದಕ್ಕೆ ಒಂದೇ ಅಪವಾದ ಅನ್ನಿಸುತ್ತದೆ. ವರ್ಷಗಟ್ಟಲೆ ಸ್ಟ್ರಮ್ ಮಾತ್ರ ಮಾಡಿ, ಒಂದೊಂದೇ ಸ್ವರ ನುಡಿಸುವುದನ್ನು ಕಲಿತೇ ಇಲ್ಲದವರು ಎರಡಕ್ಕೂ ಸಮ ಹೊತ್ತು ಕೊಡಲಿ.

32 ಬಾರ್ ಲೆಕ್ಕ ಹಿಡಿಯುವುದು ಕಷ್ಟ ಅನ್ನುವವರು ತೀನ್‌ತಾಲದಲ್ಲಿ ಎಣಿಸಿ. ನಾಲ್ಕು ಬಾರ್ ಅಂದ್ರೆ 16 ಮಾತ್ರೆ, ಒಂದು ಆವರ್ತನ. ಇಡೀ ಟ್ಯೂನ್ ಎಂಟು ಆವರ್ತನ. ನಾಲ್ಕು ಆವರ್ತನ ಡಿ, ಎರಡು ಇ ಫ್ಲಾಟ್, ಎರಡು ಡಿ. ಐದನೇ ಆವರ್ತನದ ಸಮ್ ಬಿದ್ದ ಕೂಡಲೇ ಷಡ್ಜ ಮೇಲೆ. ತಬಲಾ ಜೊತೆ ಕೂತ ಅಭ್ಯಾಸ ಇದ್ದವರಿಗೆ ಇದು ಬಹಳ ಬೇಗ ಹತ್ತುತ್ತದೆ. ಕರ್ನಾಟಕ ಪದ್ಧತಿಯವರು ಆದಿತಾಳದ ಹದಿನಾರು ಆವರ್ತನ ಅಂತ ಎಣಿಸಿದರೂ ಸರಿ. ಒತ್ತು ಮಾತ್ರ ಬೇರೆ. ಜಾಝ್‌ನಲ್ಲಿ ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕನೇ ಎಣಿಕೆಗೆ.

ಯಾವ ಟ್ಯೂನ್

'ಸೋ ವಾಟ್' ಮೊದಲು, ಯಾಕೆಂದರೆ ನಡೆ ಮಧ್ಯಮ, ಜಾಗ ಜಾಸ್ತಿ. ಮೂಲ ರೆಕಾರ್ಡಿಂಗ್ ಒಂಬತ್ತು ನಿಮಿಷಕ್ಕೂ ಉದ್ದ. ಬಾಸ್ ರಾಗದ ಸಾಲು ಹೇಳುತ್ತದೆ, ಅದಕ್ಕೆ ಎರಡು ಕಾರ್ಡಿನ ಉತ್ತರ ಬರುತ್ತದೆ. ಮೊದಲನೆಯದು ಉದ್ದ, ಎರಡನೆಯದು ಚಿಕ್ಕದು. ಈ ಎರಡು ಕಾರ್ಡಿನಲ್ಲೇ ಕಾಂಪಿಂಗಿನ ಮೊದಲ ಪಾಠ ಇದೆ.

ಕೋಲ್ಟ್ರೇನ್‌ನ 'ಇಂಪ್ರೆಷನ್ಸ್' ಇದೇ 32 ಬಾರ್ ಕಟ್ಟಡ, ಇದೇ ಎರಡು ಡೋರಿಯನ್. ಆದರೆ ವೇಗ ಬಹಳ ಜಾಸ್ತಿ. ಭಾರತೀಯ ಸಂಗೀತವನ್ನು ಶ್ರದ್ಧೆಯಿಂದ ಕೇಳಿದವನು ಕೋಲ್ಟ್ರೇನ್. ರವಿಶಂಕರ್ ಮೇಲಿನ ಗೌರವಕ್ಕೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟ. ಗಿಟಾರಿನಲ್ಲಿ ಇದನ್ನು ಕೇಳಬೇಕೆಂದರೆ ವೆಸ್ ಮಾಂಟ್‌ಗಮರಿ 1965ರಲ್ಲಿ ನುಡಿಸಿದ್ದು ಸಿಗುತ್ತದೆ. ಪ್ಲೆಕ್ಟ್ರಮ್ ಇಲ್ಲದೆ ಬರೀ ಹೆಬ್ಬೆರಳಲ್ಲಿ ಆ ವೇಗ! ಪ್ಯಾಟ್ ಮಾರ್ಟಿನೋ 1974ರ 'ಕಾನ್ಷಿಯಸ್‌ನೆಸ್' ಆಲ್ಬಮ್ಮಿನಲ್ಲಿ ನುಡಿಸಿದ್ದೂ ಇದೆ. ಎರಡನ್ನೂ ಈಗ ಕೇಳಿ, ಆಮೇಲೆ ನುಡಿಸಿ.

ಟ್ರಂಪೆಟ್ ವಾದಕ ಫ್ರೆಡ್ಡಿ ಹಬರ್ಡ್‌ನ 'ಲಿಟಲ್ ಸನ್‌ಫ್ಲವರ್' (1967ರ 'ಬ್ಯಾಕ್‌ಲ್ಯಾಶ್' ಆಲ್ಬಮ್) ಆರ್ಕೆಸ್ಟ್ರಾದಿಂದ ಬಂದವರಿಗೆ ಇನ್ನೂ ಸುಲಭ ಆಗಬಹುದು. ಸ್ವಿಂಗ್ (ಜಾಝ್ ತೂಗುನಡೆ) ಬೇಡ, ಲ್ಯಾಟಿನ್ ನಡೆ, ಸಿನಿಮಾ ಹಾಡಿನ ರಿದಮ್ಮಿಗೆ ಹತ್ತಿರ. ಹೆಚ್ಚು ಹೊತ್ತು ಡಿ ಮೈನರ್, ನಡುವೆ ಇ ಫ್ಲಾಟ್ ಮೇಜರ್ ಸೆವೆನ್, ಡಿ ಮೇಜರ್ ಸೆವೆನ್. ಸ್ವಿಂಗ್ ಕೈಗೆ ಹತ್ತದೆ ಬೇಜಾರಾದವರು ಇದರಿಂದ ಶುರು ಮಾಡಿದರೆ ತಪ್ಪೇನಿಲ್ಲ.

ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್‌ನ 'ಮೇಡನ್ ವಾಯೇಜ್' (1965) ನಾಲ್ಕು ಕಾರ್ಡು, ಒಂದೊಂದೂ ನಾಲ್ಕು ಬಾರ್. ಕಾಗದದ ಮೇಲೆ ಸುಲಭ ಕಾಣುತ್ತದೆ. ಆದರೆ ನಾಲ್ಕು ಬಾರಿಗೊಮ್ಮೆ ಷಡ್ಜ ಬೇರೆ ಬೇರೆ ದೂರಕ್ಕೆ ಜಿಗಿಯುತ್ತದೆ. ಇದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಯಾವ ಕಾರ್ಡ್ ಶೇಪ್

ಇಲ್ಲಿ ಸ್ವಲ್ಪ ನಿಲ್ಲೋಣ. ಗಿಟಾರಿನಲ್ಲಿ ಈ ಸಂಗೀತ ಇಷ್ಟು ಚೆನ್ನಾಗಿ ಕೂರುವುದು ಯಾಕೆ ಅಂತ ಗೊತ್ತಾಗುವುದು ಇಲ್ಲೇ.

ಮೊದಲ ಆಯ್ಕೆ, ಕೈಗೆ ಬರುವ ಡಿ ಮೈನರ್ ಸೆವೆನ್ ಬಾರ್ ಕಾರ್ಡ್ (ಇದು ಎಣಿಕೆಯ ಬಾರ್ ಅಲ್ಲ, ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಮಲಗಿಸಿ ಹಿಡಿಯುವುದು). ಐದನೇ ಫ್ರೆಟ್ಟಿನಲ್ಲಿ, ಐದನೇ ತಂತಿಯಿಂದ ಒಂದನೇ ತಂತಿಗೆ 5-7-5-6-5 (ಇವು ಫ್ರೆಟ್ಟಿನ ಸಂಖ್ಯೆಗಳು). ಇದನ್ನೇ ಹದಿನಾರು ಬಾರ್ ಹೊಡೆದರೆ ಕೇಳುವವರಿಗೆ ಬೇಸರ, ನುಡಿಸುವವರಿಗೂ ಬೇಸರ. ಹಾಗಂತ ಜಿ ಸೆವೆನ್ ಸೇರಿಸಿ ಡಿ ಮೈನರ್, ಜಿ ಸೆವೆನ್ ಅಂತ ತೂಗಿದರೆ ಸಿ ಮೇಜರಿಗೆ ಹೋಗುವ ಹಾಗೆ ಕೇಳುತ್ತದೆ. ಸಿನಿಮಾ ಹಾಡಿನ ಕಿವಿಯಂತೂ ಆ ಸಿ ಯಾವಾಗ ಬರುತ್ತದೆ ಅಂತ ಕಾಯುತ್ತದೆ. ಮೋಡಲ್‌ನಲ್ಲಿ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರಬೇಕು. ಅದರ ಬದಲು ಇದೇ ಶೇಪನ್ನು ಎರಡು ಫ್ರೆಟ್ ಮೇಲೆ ಸರಿಸಿ ಇ ಮೈನರ್ ಸೆವೆನ್ (7-9-7-8-7) ಮುಟ್ಟಿ ಕೆಳಗೆ ಬನ್ನಿ. ಬಾಸ್ ಡಿ ಮೇಲೆ ನಿಂತಿದ್ದರೆ ಡೋರಿಯನ್ ಬಣ್ಣ ಉಳಿಯುತ್ತದೆ. ಮೊದಲ ವಾರಕ್ಕೆ ಇಷ್ಟು ಸಾಕು.

ಎರಡನೇ ಆಯ್ಕೆ, 'ಸೋ ವಾಟ್' ಕಾರ್ಡ್. ಬಿಲ್ ಇವಾನ್ಸ್ ಪಿಯಾನೋದಲ್ಲಿ ಹಿಡಿದದ್ದು ಕೆಳಗಿಂದ ಇ, ಎ, ಡಿ, ಜಿ, ಬಿ. ಓದಿದ ಕೂಡಲೇ ಗೊತ್ತಾಗಬೇಕು. ಇವು ಗಿಟಾರಿನ ಆರನೇ ತಂತಿಯಿಂದ ಎರಡನೇ ತಂತಿಯವರೆಗಿನ ತೆರೆದ ಸ್ವರಗಳೇ! ಮೂರು ಮಧ್ಯಮಗಳ ಜಿಗಿತ (ಸದಿಂದ ಮಕ್ಕೆ ಇರುವಷ್ಟು ದೂರ), ಮೇಲೆ ಒಂದು ಗಾಂಧಾರದ ಜಿಗಿತ (ಸದಿಂದ ಗಕ್ಕೆ). ಉತ್ತರದ ಎರಡನೇ ಕಾರ್ಡ್ ಇದರಿಂದ ಎರಡು ಫ್ರೆಟ್ ಕೆಳಗೆ: ಡಿ, ಜಿ, ಸಿ, ಎಫ್, ಎ. ಹಾಗಾಗಿ ಒಂದೇ ಬೆರಳನ್ನು 12ನೇ ಫ್ರೆಟ್ಟಿನಲ್ಲಿ ಆ ಐದು ತಂತಿಗಳ ಮೇಲೆ ಮಲಗಿಸಿ, ಆಮೇಲೆ 10ಕ್ಕೆ ಇಳಿಸಿದರೆ ಎರಡೂ ಕಾರ್ಡ್ ಸಿಕ್ಕವು. ಇ ಫ್ಲಾಟ್ ಭಾಗಕ್ಕೆ 13 ಮತ್ತು 11.

ಇದೇ ಕಾರ್ಡನ್ನು ಐದನೇ ತಂತಿಯಿಂದಲೂ ಹಿಡಿಯಬಹುದು. 7-7-7-8-7, ಆಮೇಲೆ 5-5-5-6-5. ತೋರುಬೆರಳು ಬಾರ್, ಮಧ್ಯದ ಬೆರಳು ಎರಡನೇ ತಂತಿಯ ಮೇಲೆ. ಆರನೇ ತಂತಿ ದನಿ ಮಾಡದಂತೆ ತೋರುಬೆರಳ ತುದಿ ತಾಕಿರಲಿ. ಸ್ವರಗಳು ಅವೇ, ಸ್ಥಾಯಿಯೂ ಅದೇ, ನಾದ ಮಾತ್ರ ಬೇರೆ. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಗಳ ಮಂದ ದನಿ, 7ನೇ ಫ್ರೆಟ್ಟಿನಲ್ಲಿ ತಿಳಿ ದನಿ. ಅಕೌಸ್ಟಿಕ್ ಗಿಟಾರ್ ಇದ್ದವರು ಸುಮ್ನೆ ಎರಡನೇ ರೀತಿಯನ್ನೇ ಹಿಡಿಯಿರಿ. ಕಟ್‌ಅವೇ ಇಲ್ಲದ ಗಿಟಾರಿನಲ್ಲಿ 13ನೇ ಫ್ರೆಟ್ಟಿನ ಬಾರ್ ಅಂದ್ರೆ ಮಣಿಕಟ್ಟು ನೋಯುತ್ತದೆ. ಇ ಫ್ಲಾಟಿಗೆ 8-8-8-9-8, 6-6-6-7-6.

ಮೂರನೇ ಆಯ್ಕೆ, ಮೂರೇ ತಂತಿಯ ಕಾರ್ಡ್. ಕೋಲ್ಟ್ರೇನ್ ಬ್ಯಾಂಡಿನ ಪಿಯಾನೋ ಮೆಕಾಯ್ ಟೈನರ್ ಈ ಬಗೆಯ ಮಧ್ಯಮದ ಜಿಗಿತಗಳ ಕಾರ್ಡಿಗೆ ಹೆಸರಾದವನು. ನಾಲ್ಕು, ಮೂರು, ಎರಡನೇ ತಂತಿಗಳಲ್ಲಿ ಡಿ ಡೋರಿಯನ್ ಒಳಗೇ ಹತ್ತಿ: 2-2-3, 3-4-5, 5-5-6, 7-7-8, 9-9-10, 10-10-12, 12-12-13. ಏಳರಲ್ಲಿ ಐದು ಒಂದೇ ಶೇಪು. ಎರಡರಲ್ಲಿ ಮಾತ್ರ ಬೆರಳು ಬದಲಾಗುತ್ತದೆ. ಅಲ್ಲಿ ಎಫ್ ಮತ್ತು ಬಿ ಎದುರುಬದುರು ಬಂದು ಪ್ರತಿ ಮಧ್ಯಮದ ಬಿಗು ಕೇಳಿಸುತ್ತದೆ. ಆ ಬಿಗುವನ್ನು ಬಿಟ್ಟು ಓಡಬೇಡಿ. ಡೋರಿಯನ್ ರುಚಿ ಇರುವುದೇ ಆ ಬಿಯಲ್ಲಿ, ಅಂದ್ರೆ ಡಿಗೆ ಶುದ್ಧ ಧೈವತದಲ್ಲಿ.

ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದ್ರೆ ನಾನು ಮೂರು ತಂತಿಯದನ್ನೇ ಹೇಳುತ್ತೇನೆ. ಐದು ತಂತಿಯ ಕಾರ್ಡ್ ಎರಡು ಸಲ ಕೇಳಲು ಭಾರೀ ಚೆಂದ, ಇಪ್ಪತ್ತು ಸಲ ಕೇಳಿದರೆ ಅದೇ ಎರಡು ಕಾರ್ಡು. ಮೂರು ತಂತಿಯದರಲ್ಲಿ ಮೇಲೆ ಕೆಳಗೆ ನಡೆಯಬಹುದು, ಸೋಲೋ ಮಾಡುವವರಿಗೆ ಜಾಗವೂ ಉಳಿಯುತ್ತದೆ. ಒಬ್ಬರೇ ಕೂತಾಗ ಮಾತ್ರ ಕೆಳಗೆ ಡಿ ಕೇಳಬೇಕು. ಇಲ್ಲದಿದ್ದರೆ ಯಾವ ಷಡ್ಜ ಅಂತ ಗೊತ್ತಾಗದೆ ಗಾಳಿಯಲ್ಲಿ ತೇಲುತ್ತದೆ.

ಬಲಗೈ ಬಗ್ಗೆ ಒಂದು ಮಾತು. ಆರ್ಕೆಸ್ಟ್ರಾದ ಕೈ ಬಾರ್ ತುಂಬ ಸ್ಟ್ರಮ್ ಮಾಡುತ್ತದೆ, ಖಾಲಿ ಜಾಗ ಕಂಡರೆ ಹೆದರುತ್ತದೆ. ಇಲ್ಲಿ ಅದನ್ನು ಬಿಡಬೇಕು. ಪ್ಲೆಕ್ಟ್ರಮ್ ಕೆಳಗಿಟ್ಟು ಮೂರು ಬೆರಳಲ್ಲಿ ಚಿವುಟಿ ನುಡಿಸಿ. ಮೊದಲ ಎಣಿಕೆಗೆ ಒಂದು, ಎರಡನೇ ಎಣಿಕೆಯ ಅರ್ಧಕ್ಕೆ ಇನ್ನೊಂದು. ಆಮೇಲೆ ಸುಮ್ಮನಿರಿ. ಮುಂದಿನ ಬಾರ್ ಪೂರ್ತಿ ಬಿಟ್ಟರೂ ಪರವಾಗಿಲ್ಲ. ಸೋಲೋ ಮಾಡುವವರು ಉಸಿರು ತೆಗೆದುಕೊಂಡ ಕಡೆ ಕಾರ್ಡ್ ಹಾಕಿ. ಭಜನೆಯಲ್ಲಿ ಹಾಡುವವರು ನಿಂತ ಕಡೆ ಹಾರ್ಮೋನಿಯಂ ಸಾಲು ತುಂಬುತ್ತದಲ್ವಾ, ಆ ತಾಳ್ಮೆ ಬೇಕು.

ಸೋಲೋಗೆ ಬಂದಾಗ

ಹೆಚ್ಚಿನವರು ಡೋರಿಯನ್ ಸ್ಕೇಲನ್ನು ಏಳು ಪೊಸಿಷನ್ನಿನಲ್ಲಿ ಬಾಯಿಪಾಠ ಮಾಡುತ್ತಾರೆ. ಅದು ಬೇಡ ಅನ್ನುವುದಿಲ್ಲ, ಆದರೆ ನಿಧಾನ. ನಮಗೆ ಅದಕ್ಕಿಂತ ಹತ್ತಿರದ ದಾರಿ ಪೆಂಟಾಟೋನಿಕ್, ಅಂದ್ರೆ ಐದೇ ಸ್ವರಗಳ ಸ್ಕೇಲ್.

ಡಿ ಡೋರಿಯನ್ ಒಳಗೆ ಮೂರು ಮೈನರ್ ಪೆಂಟಾಟೋನಿಕ್ ಇವೆ: ಡಿ, ಎ, ಇ. ಮೂರನ್ನೂ ಡಿಯನ್ನೇ ಷಡ್ಜ ಮಾಡಿ ಹಾಡಿ ನೋಡಿ. ಡಿ ಮೈನರ್ ಪೆಂಟಾಟೋನಿಕ್ ಸ ಗ ಮ ಪ ನಿ, ಶುದ್ಧ ಧನ್ಯಾಸಿಯ ಸ್ವರಗಳು, ಹಿಂದೂಸ್ತಾನಿಯಲ್ಲಿ ಧಾನಿ. ಎ ಮೈನರ್ ಪೆಂಟಾಟೋನಿಕ್ ಸ ರಿ ಮ ಪ ನಿ, ಮಧ್ಯಮಾವತಿ. ಇ ಮೈನರ್ ಪೆಂಟಾಟೋನಿಕ್ ಸ ರಿ ಮ ಪ ಧ, ಶುದ್ಧ ಸಾವೇರಿ, ಹಿಂದೂಸ್ತಾನಿಯವರ ದುರ್ಗಾ. ಒಂದೇ ಕಾರ್ಡಿನ ಮೇಲೆ ಮೂರು ಬಣ್ಣ. ಧನ್ಯಾಸಿ ಸ್ವರಗಳು ನೆಲಕ್ಕೆ ಹತ್ತಿರ, ಬ್ಲೂಸ್ ಹಾಗೆ ಕೇಳುತ್ತವೆ. ದುರ್ಗಾ ಸ್ವರಗಳಲ್ಲಿ ಗಾಂಧಾರವೂ ಇಲ್ಲ, ನಿಷಾದವೂ ಇಲ್ಲ, ಧೈವತ ಮಾತ್ರ ಹೊಳೆಯುತ್ತದೆ. ಜಾಝ್ ಬಣ್ಣ ಬೇಕಾದವರು ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಕು. ಎಲ್ಲರಿಗೂ ಗೊತ್ತಿರುವ ಐದನೇ ಫ್ರೆಟ್ಟಿನ ಎ ಮೈನರ್ ಬಾಕ್ಸ್ (ಪೆಂಟಾಟೋನಿಕ್ ಹಿಡಿಯುವ ಬೆರಳುಗಳ ಜಾಗ) ಇದೆಯಲ್ಲ, ಅದನ್ನು ಡಿ ಮೈನರ್ ಮೇಲೆ ನುಡಿಸಿದರೆ ಆಗಲೇ ಮಧ್ಯಮಾವತಿ ಸ್ವರಗಳಲ್ಲಿದ್ದೀರಿ.

ಸ್ವರಗಳು ಅವೇ ಆದರೂ ರಾಗ ಅದಲ್ಲ. ರಾಗಕ್ಕೆ ಅದರದೇ ಸಂಚಾರ, ನ್ಯಾಸ ಇವೆ. ಇಲ್ಲಿ ಯಾವ ಸ್ವರದಿಂದ ಯಾವುದಕ್ಕೂ ಹೋಗಬಹುದು. ಜಾರು ಗಿಟಾರಿನಲ್ಲಿ ಚೆನ್ನಾಗಿ ಕೂರುತ್ತದೆ, ಬಳಸಿ. ಗಾಂಧಾರವನ್ನು ಉದ್ದಕ್ಕೆ ಆಂದೋಲನ ಮಾಡಿದರೆ ಮಾತ್ರ ಕೇಳುವವರ ಮನಸ್ಸು ಬೇರೆ ಕಡೆ ಹೋಗುತ್ತದೆ, ಅದನ್ನು ಕಡಿಮೆ ಮಾಡಿ.

ಇನ್ನು ಹದಿನೇಳನೇ ಬಾರ್. ಡಿ ಡೋರಿಯನ್ ಮತ್ತು ಇ ಫ್ಲಾಟ್ ಡೋರಿಯನ್ ಎರಡಕ್ಕೂ ಸೇರಿದ ಸ್ವರಗಳು ಎರಡೇ: ಎಫ್ ಮತ್ತು ಸಿ. ಹದಿನಾರನೇ ಬಾರಿನ ಕೊನೆಯಲ್ಲಿ ಎಫ್ ಹಿಡಿದು ಹಾಗೇ ನಿಲ್ಲಿ. ಕೆಳಗೆ ಕಾರ್ಡ್ ಸರಿಯುತ್ತದೆ. ನಿಮ್ಮ ಬೆರಳು ಅಲುಗಿಲ್ಲ, ಆದರೆ ಗಾಂಧಾರ ಆಗಿದ್ದದ್ದು ರಿಷಭ ಆಯಿತು. ಸಿ ಹಿಡಿದರೆ ನಿಷಾದ ಹೋಗಿ ಧೈವತ. ಗ್ರಹಭೇದ (ಷಡ್ಜ ಬದಲಿಸಿ ಅದೇ ಸ್ವರಗಳಲ್ಲಿ ಬೇರೆ ರಾಗ ಕಾಣಿಸುವುದು) ಕೇಳಿದವರಿಗೆ ಈ ಖುಷಿ ಗೊತ್ತು. ಬಾಕ್ಸನ್ನು ಸುಮ್ನೆ ಒಂದು ಫ್ರೆಟ್ ಮೇಲೆ ತಳ್ಳುವುದಕ್ಕಿಂತ ಇದು ಎಷ್ಟೋ ಚೆಂದ, ಮತ್ತು ಇದನ್ನು ಕೇಳಿಸಿಕೊಳ್ಳಲು ಕಾರ್ಡಿನ ಕಿವಿ ಮೊದಲು ಬಂದಿರಬೇಕು.

ಇದರ ಜೊತೆಗೆ ಮೈಲ್ಸ್‌ನ ಸೋಲೋ ಹಾಡಿ ಕಲಿಯಿರಿ. ಎರಡೇ ಸುತ್ತು, 64 ಬಾರ್. ಕಡಿಮೆ ಸ್ವರ, ಉದ್ದ ಮೌನ. ಗಿಟಾರ್ ಮುಟ್ಟುವ ಮೊದಲು ಬಾಯಲ್ಲಿ ಬರಬೇಕು. ಕೋಲ್ಟ್ರೇನ್‌ದು ಈಗ ಬೇಡ.

ಅಭ್ಯಾಸಕ್ಕೆ ಜೊತೆ

ತಂಬೂರಿ ಆಪ್ ಡಿಗೆ ಇಟ್ಟು ಕೂರುವುದು ಮೊದಲ ವಾರಗಳಿಗೆ ಒಳ್ಳೆಯದು. ಇ ಫ್ಲಾಟ್ ಬಂದ ಕೂಡಲೇ ಅದು ಕೆಲಸಕ್ಕೆ ಬರುವುದಿಲ್ಲ, ಡಿ ಹಿಡಿದೇ ಇರುತ್ತದೆ. ಬ್ಯಾಕಿಂಗ್ ಟ್ರ್ಯಾಕ್ ಸುಲಭ, ಕೇಳಲೂ ಹಿತ. ಆದರೆ ಬಾರ್ ಲೆಕ್ಕವನ್ನು ನಿಮ್ಮ ಬದಲು ಅದೇ ಇಟ್ಟುಕೊಳ್ಳುತ್ತದೆ, ನೀವು ಕಲಿಯುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮದೇ ಕಾಂಪಿಂಗ್. ಮೆಟ್ರೋನೋಮ್ ಎರಡು ಮತ್ತು ನಾಲ್ಕಕ್ಕೆ ಬೀಳುವಂತೆ ಇಟ್ಟು 32 ಬಾರ್ ಕಾಂಪ್ ಮಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅದರ ಮೇಲೆ ಸೋಲೋ ನುಡಿಸಿ. ಕಾರ್ಡ್ ಜಾಸ್ತಿಯಾಗಿದ್ದರೆ ಸೋಲೋ ಮಾಡುವಾಗ ಉಸಿರು ಕಟ್ಟುತ್ತದೆ, ತಕ್ಷಣ ಗೊತ್ತಾಗುತ್ತದೆ. ಲೂಪರ್ ಪೆಡಲ್ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಡಲ್) ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ಗಿಟಾರ್ ಬದಲಿಸಬೇಕಾ? ಬೇಡ. ಎಲೆಕ್ಟ್ರಿಕ್ ಇದ್ದರೆ ಕತ್ತಿನ ಕಡೆಯ ಪಿಕಪ್ ಹಾಕಿ, ಟೋನ್ ಸ್ವಲ್ಪ ಇಳಿಸಿ, ಡಿಸ್ಟಾರ್ಷನ್ ಪೂರ್ತಿ ತೆಗೆಯಿರಿ. ದುಬಾರಿ ಆರ್ಚ್‌ಟಾಪ್ ಜಾಝ್ ಗಿಟಾರ್ ಈಗ ಬೇಕಿಲ್ಲ. ಅಕೌಸ್ಟಿಕ್ ಇದ್ದವರು ಬೇಸಿಗೆಯಲ್ಲಿ ಜೋಪಾನ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಒಣ ಗಾಳಿಗೆ ಮರ ಕುಗ್ಗುತ್ತದೆ, ನುಡಿಸುವುದು ಕಷ್ಟ ಆಗುತ್ತದೆ. ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಕೇಸಿನಲ್ಲೇ ಇಡಿ.

ಗುರು ಸಿಗುವುದು ಕಷ್ಟ. ಊರಿನ ಗಿಟಾರ್ ಕ್ಲಾಸುಗಳಲ್ಲಿ ಹೆಚ್ಚಾಗಿ ಸಿನಿಮಾ ಹಾಡೇ ಪಾಠ. ಆನ್‌ಲೈನ್ ಪಾಠದಲ್ಲಿ ಶೇಪು, ಸಿದ್ಧಾಂತ ಚೆನ್ನಾಗಿ ಸಿಗುತ್ತದೆ, ಆದರೆ ಇಂಟರ್ನೆಟ್ಟಿನ ವಿಳಂಬದಲ್ಲಿ ಜೊತೆಗೂಡಿ ನುಡಿಸಲು ಆಗುವುದಿಲ್ಲ. ಚಳಿಗಾಲದಲ್ಲಿ ಆನೆಗೊಂದಿ, ಸಣಾಪುರದ ಕಡೆ ಗಿಟಾರ್ ಹೊತ್ತು ಬರುವ ಪ್ರವಾಸಿಗರಲ್ಲಿ ಜಾಝ್ ಗೊತ್ತಿರುವವರು ಸಿಕ್ಕರೆ ಒಂದು ಸಂಜೆ ಕೂರಬಹುದು, ಆದರೆ ಅದನ್ನೇ ನಂಬಿಕೊಂಡಿರಲು ಆಗದು.

ವಾರ ವಾರ ಸಿಗುವ ಜೊತೆ ನಿಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ನುಡಿಸುವವರೇ. ಅವರಿಗೆ 'ಸೋ ವಾಟ್' ಕೇಳಿಸಿ, ಇ-ಎ-ಡಿ-ಜಿ-ಬಿ ತೋರಿಸಿ. ಪ್ರಾಕ್ಟೀಸಿಗೆ ಉಳಿದವರು ಬರುವ ಮುಂಚೆ ಅರ್ಧ ಗಂಟೆ ಸಿಕ್ಕರೆ ಸಾಕು. ಅವರ ಎಡಗೈ ಬಾಸ್ ನೋಡಿಕೊಳ್ಳಲಿ. ಒಂದು ಸುತ್ತು ಅವರ ಬಲಗೈ ಸೋಲೋ, ನೀವು ಕಾಂಪ್. ಮುಂದಿನ ಸುತ್ತು ನೀವು ಸೋಲೋ, ಅವರು ಕಾಂಪ್. ಇಬ್ಬರೂ ಒಟ್ಟಿಗೆ ಕಾಂಪ್ ಮಾಡಬೇಡಿ, ಎರಡು ಕಡೆಯ ಕಾರ್ಡ್ ಒಂದರ ಮೇಲೊಂದು ಬಿದ್ದು ಯಾವುದೂ ಕೇಳಿಸುವುದಿಲ್ಲ.